ಬಾಗಿಲ ಮೇಲಿನ ಎರಡು ತೂತು

“ನೀರು ನಿಲ್ಲಿಸ್ಬೇಡ ಮಾರಾಯ, ಬಿಡ್ತಾ ಇರು!” ಎಂದು ಮೇಸ್ತ್ರಿ ಮನೆಯ ಒಳಗಿನಿಂದ ಕೂಗಿದರು. ನಾನು ಹೊರಗೆ ಏಣಿಯ ಮೇಲೆ ಹೋಸ್ ಹಿಡಿದು ನಿಂತಿದ್ದೆ. ಬಗ್ಗಿ ತೆರೆದ ಬಾಗಿಲಿನಿಂದ ಒಳಗೆ ನೋಡಿದೆ. ಅವರು ಸ್ಟೂಲಿನ ಮೇಲೆ ನಿಂತು ಎಡಗೆನ್ನೆಯನ್ನು ಬಾಗಿಲ ಮೇಲಿನ ಗೋಡೆಗೆ ಒತ್ತಿಕೊಂಡಿದ್ದರು. ಕೆನ್ನೆ, ಕಿವಿ, ಅರ್ಧ ಮೀಸೆ ಎಲ್ಲ ಬಿಳಿ. ಮಕ್ಕಳಿಗೆ ಹಾಕುವ ಪೌಡರ್ ಅದು. ಗೋಡೆಗೆ ಅದನ್ನು ಬಳಿದಿದ್ದರು. ನೀರು ಮೊದಲು ಎಲ್ಲಿ ಒಳಗೆ ಬರುತ್ತದೋ ಅಲ್ಲಿ ಪೌಡರಿನಲ್ಲಿ ಕಪ್ಪು ಗೆರೆ ಬೀಳುತ್ತದೆ. ಕೆನ್ನೆ ಯಾಕೆ ಒತ್ತುವುದು ಎಂದು ಕೇಳಿದರೆ, “ಕೈ ಸಿಮೆಂಟಲ್ಲಿ ಸತ್ತು ಹೋಗಿದೆ. ತಂಪು ಗೊತ್ತಾಗುದು ಕೆನ್ನೆಗೆ ಮಾತ್ರ” ಎಂದರು.

ಮನೆ ಇದ್ದದ್ದು ಮಸ್ಕತ್‌ನ ಅಲ್ ಅಜೈಬಾದಲ್ಲಿ. ಬಾಡಿಗೆಗೆ ಇದ್ದದ್ದು ಬೆಂಗಳೂರಿನವರು. ಮಳೆ ಬಂದಾಗ ಮುಂಬಾಗಿಲಿನ ಮೇಲಿಂದ ಒಳಗೆ ನೀರು ಬೀಳುತ್ತಿತ್ತು. ನಮ್ಮದು ಮನೆ ರಿಪೇರಿ ಕಂಪನಿ. ನಾನು ಪೇಂಟರ್. ಎರಡು ಸಲ ಕಂಪ್ಲೇಂಟ್ ಬಂದಾಗಲೂ ನಾನೇ ಹೋಗಿ ಕಲೆಯ ಮೇಲೆ ಬಣ್ಣ ಹೊಡೆದು ಬಂದಿದ್ದೆ. ಎರಡು ಸಲವೂ ಮತ್ತೆ ಸೋರಿತು. ಆಮೇಲೆ ಮೇಸ್ತ್ರಿಯನ್ನು ಕಳಿಸಿದರು, ನನ್ನನ್ನು ಅವರ ಕೈಕೆಳಗೆ.

ಕಳಿಸುವಾಗ ಕಂಪನಿಯ ಇಂಜಿನಿಯರ್ ನನ್ನ ಎದುರಿಗೇ ಹೇಳಿದ: “ಚಾಚಾ, ಇನ್ನೊಂದ್ ಸಲ ಆ ಮನೆಯಿಂದ ಫೋನ್ ಬಂದ್ರೆ ಖಲಾಸ್. ವೀಸಾ ರಿನ್ಯೂ ಇಲ್ಲ.” ಅವನು ಹಿಂದಿಯಲ್ಲಿ ಹೇಳಿದ್ದು. ನಗುತ್ತಾ ಹೇಳಿದ. ಆದರೆ ಮೇಸ್ತ್ರಿಯ ವೀಸಾ ಕಾಗದ ಅವನ ಮೇಜಿನ ಮೇಲೇ ಇತ್ತು. ಮೇಸ್ತ್ರಿಗೆ ಅರವತ್ತು ದಾಟಿತ್ತು. ಒಮಾನಿಗೆ ಬಂದು ಮೂವತ್ತು ವರ್ಷದ ಮೇಲಾಗಿತ್ತು. ಹೆಂಡತಿ ತೀರಿಹೋಗಿದ್ದರು. ಮಕ್ಕಳಿಲ್ಲ. ಕಾರ್ಕಳದ ಹತ್ತಿರ ತಮ್ಮನ ಮನೆ, ಅಷ್ಟೇ.

“ಹೋಗಿ ಆರಾಮ ಇರಿ ಮೇಸ್ತ್ರಿ, ಇಲ್ಲಿ ಎಂತ ಉಂಟು?” ಎಂದಿದ್ದೆ ನಾನು.

“ಅಲ್ಲಿ ಎಂತ ಉಂಟು? ತಮ್ಮನ ನಾಯಿಗೂ ನನ್ನ ಗುರುತಿಲ್ಲ. ಪ್ರತಿ ಸಲ ಬೊಗಳ್ತದೆ. ತಿಂಗಳು ಕಳೆದು ಸುಮ್ಮನಾಗುವಾಗ ನನ್ನ ರಜೆ ಮುಗೀತದೆ.”

ನಾನು ನಕ್ಕೆ. ಅವರು ನಗಲಿಲ್ಲ.

ಸೋರುವುದನ್ನು ಹುಡುಕುವುದಕ್ಕೆ ಅವರದ್ದು ಒಂದು ಕ್ರಮ ಇತ್ತು. ಕೆಳಗಿನಿಂದ ಶುರು ಮಾಡಬೇಕು. ಮೊದಲು ಬಾಗಿಲಿನ ಚೌಕಟ್ಟಿಗೆ ಮಾತ್ರ ನೀರು. ಒಂದು ಗಂಟೆ ಕಾಯುವುದು. ಪೌಡರ್ ಒಣಗಿಯೇ ಇದ್ದರೆ ಒಂದು ಅಡಿ ಮೇಲೆ. ಮತ್ತೆ ಒಂದು ಗಂಟೆ. ಮೇಲಿನಿಂದ ಸುರಿದರೆ ಎಲ್ಲ ಒದ್ದೆಯಾಗುತ್ತದೆ, ನೀರು ಯಾವ ತೂತಿನಿಂದ ಹೋಯಿತು ಎಂದು ಯಾವನಿಗೂ ಗೊತ್ತಾಗುವುದಿಲ್ಲ. ಇದು ಸರಿಯಾದ ಮಾತು, ಈಗ ನನಗೆ ಗೊತ್ತು. ಆಗ ನನಗೆ ಸಿಟ್ಟು ಬರುತ್ತಿತ್ತು. ಏಳನೇ ಕ್ಲಾಸಿನಲ್ಲಿ ಶಾಲೆ ಬಿಟ್ಟದ್ದೇ ನನಗೆ ಕೂತುಕೊಳ್ಳಲು ಆಗುವುದಿಲ್ಲ ಎಂದು. ಇಲ್ಲಿ ಗೋಡೆ ನೋಡುತ್ತಾ ಕೂರಬೇಕಿತ್ತು.

“ನೀರು ಬೀಳುವ ಜಾಗಕ್ಕೆ ಸಿಲಿಕೋನ್ ಹೊಡೆದು ಮುಚ್ಚಿ ಹೋಗುವ, ಮೇಸ್ತ್ರಿ. ನಾನು ಬ್ರಹ್ಮಾವರದವ. ನನಗೆ ಮಳೆ ಗೊತ್ತಿಲ್ವಾ?”

“ನಿಂಗೆ ನೆಟ್ಟಗೆ ಬೀಳುವ ಮಳೆ ಗೊತ್ತು. ಇಲ್ಲಿಯದು ಅಡ್ಡ ಹೊಡೀತದೆ, ಕಲ್ಲು ಹೊಡೆದ ಹಾಗೆ. ಬಾಗಿಲಲ್ಲಿ ಬೀಳುದು ಅಂದ್ರೆ ಎಲ್ಲಿಂದಲೋ ನಡೆದು ಸುಸ್ತಾಗಿ ಬಿದ್ದದ್ದು. ಹೊರಟದ್ದು ಎಲ್ಲಿಂದ ಅಂತ ನೋಡು.”

ಎರಡನೇ ದಿನ ಮನೆಯ ಮೇಡಂಗೆ ತಾಳ್ಮೆ ತಪ್ಪಿತು. “ಏನ್ರೀ ಇದು? ಮಳೆ ಇಲ್ಲದಿರೋ ದಿನಾನೂ ನೀವೇ ಮಳೆ ಸುರಿಸ್ತಿದ್ದೀರಲ್ಲ! ಟ್ಯಾಂಕ್ ಖಾಲಿ ಆಗೋಯ್ತು.” ಅವರ ಸಣ್ಣ ಮಗಳು ಗೋಡೆಗೆ ಕೆನ್ನೆ ಒತ್ತಿದ ಮೇಸ್ತ್ರಿಯನ್ನು ನೋಡಿ, “ಅಮ್ಮಾ, ಅಂಕಲ್ ಈಸ್ ಹಗ್ಗಿಂಗ್ ದ ವಾಲ್” ಎಂದಳು. ಮೇಸ್ತ್ರಿ ಪೌಡರ್ ಮೆತ್ತಿದ ಮುಖ ಅವಳ ಕಡೆ ತಿರುಗಿಸಿ, “ಇದಕ್ಕೆ ಜ್ವರ ಉಂಟಾ ನೋಡ್ತಿದ್ದೇನೆ ಮಗಾ” ಎಂದರು. ಆ ಹುಡುಗಿಯೂ ಬಂದು ಚೌಕಟ್ಟಿಗೆ ಕೆನ್ನೆ ಇಟ್ಟಳು. ಮೇಡಂ ಒಳಗೆ ಹೋಗಿ ನಮಗೆ ಚಹಾ ಮಾಡಿ ತಂದರು.

ಮೂರನೇ ದಿನ ನೀರು ಟೆರೇಸಿನ ಕಟ್ಟೆಗೆ ತಲುಪಿತು. ಯಾರೋ ಹಿಂದೆ ಡಿಶ್ ಕೂರಿಸುವಾಗ ಅಲ್ಲಿ ಕೊರೆದ ಒಂದು ತೂತು ಇತ್ತು. ಬಾಗಿಲಿನಿಂದ ಏಳೆಂಟು ಅಡಿ ಆಚೆ. ಅಲ್ಲಿಗೆ ನೀರು ಬಿಟ್ಟು ಮುಕ್ಕಾಲು ಗಂಟೆ ಆದ ಮೇಲೆ ಕೆಳಗಿನಿಂದ, “ಬಂತು! ಬಂತು!” ಎಂದು ಕೂಗು. ನಾನು ಓಡಿ ಇಳಿದೆ. ಪೌಡರಿನಲ್ಲಿ ಕೂದಲಿನಷ್ಟು ತೆಳ್ಳಗೆ ಒಂದು ಗೆರೆ. ಮೇಸ್ತ್ರಿ ಅದನ್ನು ಮುಟ್ಟಲಿಲ್ಲ. ನೋಡುತ್ತಲೇ ನಿಂತರು. ಮನುಷ್ಯ ಅಷ್ಟು ಖುಷಿಯಾದದ್ದು ನಾನು ಮತ್ತೆ ನೋಡಲಿಲ್ಲ.

ಮೇಲಿನ ತೂತು ಮುಚ್ಚಿದರು. ಆಮೇಲೆ ಹೊರಗೆ, ಬಾಗಿಲಿನ ಸ್ವಲ್ಪ ಮೇಲೆ, ತಾವೇ ಬೆರಳಿನಷ್ಟು ದಪ್ಪದ ಎರಡು ತೂತು ಕೊರೆದರು. ಇದೆಂತ ಹುಚ್ಚು ಎಂದು ನಾನು ಕೇಳಿದೆ. “ಗೋಡೆ ಒಳಗೆ ಟೊಳ್ಳು. ಒಂದು ದಾರಿ ಸಿಕ್ಕಿತು, ಇನ್ನೊಂದು ಇರಬಹುದು. ಇಲ್ಲಿಯ ಬಿಸಿಲಿಗೆ ಗೋಡೆ ದಿನಾ ಬಿರುಕು ಬಿಡ್ತದೆ. ನೀರು ಒಳಗೆ ಹೋದ್ರೆ ಹೊರಗೆ ಬರ್ಲಿಕ್ಕೆ ಜಾಗ ಬೇಕಲ್ಲ? ಅದನ್ನು ಮುಚ್ಚಬೇಡ ಪೇಂಟರೇ” ಎಂದರು. ಸರಿಯಾಗಿ ಕೇಳಿಸಿತ್ತು ನನಗೆ. ಕೇಳಿಸಲಿಲ್ಲ ಎಂದು ನಾನು ಹೇಳುವುದಿಲ್ಲ.

ಮರುದಿನ ಬಣ್ಣ ಹೊಡೆಯಲು ನಾನೊಬ್ಬನೇ ಹೋದೆ. ಮೇಸ್ತ್ರಿಗೆ ಸೊಹಾರ್ ಕಡೆ ಕೆಲಸ ಹಾಕಿದ್ದರು. ಒಂದು ಕೋಟ್ ಆಯಿತು. ಆ ಎರಡು ತೂತಿನಿಂದ ಒಳಗೆ ಉಳಿದ ನೀರು ಕಂದು ಬಣ್ಣದಲ್ಲಿ ನನ್ನ ಹೊಸ ಬಣ್ಣದ ಮೇಲೆ ಇಳಿಯಿತು. ಒರೆಸಿದೆ. ಮತ್ತೆ ಇಳಿಯಿತು. ನಾಲ್ಕು ಸಲ ಒರೆಸಿದೆ. ನಮ್ಮ ಕಡೆಯವರಿಗೆ ಗೋಡೆಯಲ್ಲಿ ತೂತು ಕಂಡರೆ ಮುಚ್ಚಿಯೇ ಅಭ್ಯಾಸ, ಜೂನ್ ಬರುವ ಮೊದಲು ಮನೆಮನೆಯಲ್ಲಿ ಅದೇ ಕೆಲಸ. ಸಿಲಿಕೋನ್ ತುಂಬಿದೆ, ಪುಟ್ಟಿ ಹಚ್ಚಿದೆ, ಮೇಲೆ ಎರಡು ಕೋಟ್ ಹೊಡೆದೆ. ಗೋಡೆ ಕನ್ನಡಿಯ ಹಾಗೆ ಆಯಿತು. ಮೇಡಂ ಫೋಟೋ ತೆಗೆದುಕೊಂಡರು.

ಮೂರು ವಾರ ಬಿಟ್ಟು ಗಾಳಿ ಮಳೆ ಬಂತು. ಅರ್ಧ ದಿನ. ಮೇಸ್ತ್ರಿ ಹೇಳಿದ ಹಾಗೆ ಗೋಡೆಯಲ್ಲಿ ಇನ್ನೊಂದು ದಾರಿ ಇತ್ತು. ಒಳಗೆ ಹೋದ ನೀರಿಗೆ ಹೊರಗೆ ಬರಲು ಜಾಗ ಇರಲಿಲ್ಲ. ಬಾಗಿಲಿನ ಒಳಗಿನ ಜಿಪ್ಸಂ ಸೀಲಿಂಗ್ ಪೂರ್ತಿ ಕೆಳಗೆ ಬಂತು. ಆ ಹುಡುಗಿ ಚಪ್ಪಲಿ ಬಿಡುವ ಜಾಗ ಅದು. ಪುಣ್ಯಕ್ಕೆ ಅವಳು ಇರಲಿಲ್ಲ.

ಇಂಜಿನಿಯರ್ ಬಂದ. ನಮ್ಮಿಬ್ಬರನ್ನೂ ಕರೆಸಿದ. ಮೇಸ್ತ್ರಿ ಏಣಿ ಹತ್ತಿ ಹೊರಗಿನ ಗೋಡೆಯ ಮೇಲೆ ಕೈಯಾಡಿಸಿದರು. ಕೈಗೆ ತೂತು ಸಿಗಲಿಲ್ಲ. ಕೆನ್ನೆ ಒತ್ತಿದರು. ಆಮೇಲೆ ಕೀಲಿಯಿಂದ ಸ್ವಲ್ಪ ಕೆರೆದರು. ಸಿಲಿಕೋನ್ ಕಂಡಿತು. ಏಣಿಯ ಮೇಲಿನಿಂದಲೇ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

“ಕ್ಯಾ ಹುವಾ ಚಾಚಾ?”

“ತೂತು ಇಡ್ಲಿಕ್ಕೆ ನನಗೆ ಮರ್ತು ಹೋಯ್ತು ಸಾರ್. ಪ್ರಾಯ ಆಯ್ತು” ಎಂದು ಅವರು ಹಿಂದಿಯಲ್ಲಿ ಹೇಳಿದರು.

ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನನ್ನ ವೀಸಾಕ್ಕೆ ಆಗ ಒಂದು ವರ್ಷವೂ ಆಗಿರಲಿಲ್ಲ. ಭಯ. ಬೇರೆ ಕಾರಣ ಹುಡುಕಿದರೂ ಸಿಗುವುದಿಲ್ಲ.

ವಾಪಸ್ ಬರುವಾಗ ವ್ಯಾನಿನಲ್ಲಿ ಅವರು ಕೀಲಿಗೆ ಮೆತ್ತಿದ ಪುಟ್ಟಿಯನ್ನು ಉಗುರಿನಿಂದ ಕೆರೆಯುತ್ತಾ ಕೂತಿದ್ದರು. ಆಮೇಲೆ, “ನಿನ್ನ ಫಿನಿಶಿಂಗ್ ಲಾಯ್ಕ್ ಉಂಟು ಮಾರಾಯ. ತೂತು ಕೊರೆದ ನನಗೇ ಹುಡುಕ್ಲಿಕ್ಕೆ ಕಷ್ಟ ಆಯ್ತು” ಎಂದರು. ಅದಕ್ಕಿಂತ ನನ್ನ ಕೆನ್ನೆಗೆ ಎರಡು ಹೊಡೆದಿದ್ದರೆ ಒಳ್ಳೆಯದಿತ್ತು.

ಹದಿನೈದು ದಿನದಲ್ಲಿ ಅವರನ್ನು ಊರಿಗೆ ಕಳಿಸಿದರು. ಪೌಡರ್ ಡಬ್ಬಿ ನನ್ನ ಮಂಚದ ಮೇಲೆ ಇಟ್ಟು ಹೋಗಿದ್ದರು.

ಆ ಶುಕ್ರವಾರ, ರಜೆಯ ದಿನ, ನಾನು ಡ್ರಿಲ್ ತೆಗೆದುಕೊಂಡು ಆ ಮನೆಗೆ ಹೋದೆ. ಮೇಡಂ ಹತ್ತಿರ ಚೆಕ್ಕಿಂಗ್ ಎಂದು ಸುಳ್ಳು ಹೇಳಿ ಎರಡೂ ತೂತು ಬಿಡಿಸಿದೆ. ಏಪ್ರಿಲ್‌ನಲ್ಲಿ ಮತ್ತೆ ಮಳೆ ಬಂತು. ಕೆಲಸ ಬಿಟ್ಟು ಓಡಿಹೋಗಿ ಆ ಬಾಗಿಲಿನ ಎದುರು ನೆನೆಯುತ್ತಾ ನಿಂತೆ. ಎರಡು ತೂತಿನಿಂದಲೂ ನೀರು ಹೊರಗೆ ಬಂತು. ಬಾಗಿಲು ತೆಗೆಸಿ ನೋಡಿದೆ, ಒಳಗೆ ಒಂದು ಹನಿ ಇಲ್ಲ.

ಅಲ್ಲಿಂದಲೇ ಮೇಸ್ತ್ರಿಗೆ ಫೋನ್ ಮಾಡಿದೆ. ತಪ್ಪಾಯಿತು ಎಂದು ಹೇಳಲು ಮಾಡಿದ್ದು. ಹೇಗಿದ್ದೀರಿ ಎಂದು ಕೇಳಿದೆ.

“ಹೀಗೇ. ಇಲ್ಲಿ ಬಚ್ಚಲಿನ ಗೋಡೆ ಒದ್ದೆ ಆಗ್ತದೆ. ನಾನು ನೋಡ್ತೇನೆ ಅಂದೆ. ನಿಮಗೆ ಯಾಕೆ, ಸುಮ್ಮನೆ ಕೂತ್ಕೊಳ್ಳಿ ಅಂತಾರೆ. ಕೂತಿದ್ದೇನೆ.” ಹಿಂದೆ ನಾಯಿ ಬೊಗಳುತ್ತಿತ್ತು.

“ಮೇಸ್ತ್ರಿ, ಆ ತೂತು ಬಿಡಿಸಿದೆ. ನೀರು ಹೊರಗೇ ಬಂತು.”

“ಎಷ್ಟು ಹೊತ್ತು ನಿಂತು ನೋಡಿದೆ?”

“ಹತ್ತು ನಿಮಿಷ.”

“ಸಾಕಾಗುದಿಲ್ಲ” ಎಂದರು. ಲೈನ್ ಕಟ್ ಆಯಿತು. ನಾನು ಮತ್ತೆ ಮಾಡಲಿಲ್ಲ. ಆಮೇಲೆ ಹೇಳುವ ಎಂದುಕೊಂಡೆ.

ಜೂನ್‌ನಲ್ಲಿ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಇಂಜಿನಿಯರ್‌ಗೆ ಹೇಳಿದೆ. “ಅಚ್ಛಾ ಆದ್ಮಿ ಥಾ, ಕೊನೆಗೆ ಕೆಲಸ ಮರೆತಿದ್ದ” ಎಂದ. ಅವರು ಮರೆತಿರಲಿಲ್ಲ ಎಂದು ಆಗಲೂ ನಾನು ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ಇಲ್ಲಿ ಮೊದಲ ಸಲ ಹೇಳಿದ್ದು.

ಅಷ್ಟೇ. ಇನ್ನು ನನ್ನ ಹತ್ತಿರ ಹೇಳುವುದಕ್ಕೆ ಏನೂ ಇಲ್ಲ.