ಈ ಸಲದ ಪಟ್ಟಿ ಸುಗಿಮೊರಿಯವರದಲ್ಲ

ಜಪಾನಿನ ನಾಗಾನೊದ ಸೋಯಾ ಸಾಸ್ ಕಾರ್ಖಾನೆಯಲ್ಲಿ ಸುಗಿಮೊರಿಯವರು ಸಂಬಳಕ್ಕೆ ದಾಸ್ತಾನು ನೋಡಿಕೊಳ್ಳುತ್ತಿದ್ದರೂ, ಅವರ ಜೀವವೆಲ್ಲ ಇದ್ದದ್ದು ವರ್ಷಕ್ಕೊಮ್ಮೆ ಕಚೇರಿಯವರನ್ನು ಬೆಟ್ಟಕ್ಕೆ ಸ್ಕೀಯಿಂಗ್‌ಗೆ ಕರೆದೊಯ್ಯುವುದರಲ್ಲಿ. ಅಕ್ಟೋಬರ್ ಬಂದರೆ ಸಾಕು, ಕಿಟಕಿಯಲ್ಲಿ ನಿಂತು ಬೆಟ್ಟದ ನೆತ್ತಿಯಲ್ಲಿ ಹಿಮ ಕಂಡಿತೆಂದು ಎಲ್ಲರನ್ನೂ ಅವಸರಪಡಿಸುತ್ತಿದ್ದರು, ಅದು ಬರಿಯ ಮೋಡವಾಗಿದ್ದರೂ ಸರಿ. ಬಸ್ಸಿನಲ್ಲಿ ವಾಂತಿ ಮಾಡುವವರು ಮುಂದಿನ ಸೀಟಿಗೆ, ಗೊರಕೆಯವರೆಲ್ಲ ಒಂದೇ ಕೋಣೆಗೆ, ಪರಸ್ಪರ ಮಾತು ಬಿಟ್ಟ ಇಬ್ಬರು ಗುಮಾಸ್ತರು ಬೆಟ್ಟ ಹತ್ತಿಸುವ ಒಂದೇ ತೂಗುಕುರ್ಚಿಗೆ ಎಂದು ಪಟ್ಟಿ ಬರೆಯುತ್ತಿದ್ದರು. ಇಪ್ಪತ್ತೆರಡು ಮಂದಿಯ ಬೂಟಿನ ಅಳತೆ ಅವರಿಗೆ ಬಾಯಿಪಾಠ. “ನಾನಿಲ್ದಿದ್ರೆ ನೀವೆಲ್ಲ ಬೆಟ್ಟ ಅಂದ್ಕೊಂಡು ಸಮುದ್ರಕ್ಕೆ ಇಳೀತಿದ್ರಿ,” ಎಂದು ಪ್ರತಿವರ್ಷವೂ ಹೇಳುತ್ತಿದ್ದರು. ಈ ವರ್ಷ ಹೊಸದಾಗಿ ಸೇರಿದ ಮಿನೆಗಿಶಿ ಎಂಬ ಹುಡುಗಿ ಊಟದ ಬಿಡುವಿನಲ್ಲಿ ಮೊಬೈಲಿನಲ್ಲೇ ಬಸ್ಸು, ಕೋಣೆ ಎಲ್ಲವನ್ನೂ ಗೊತ್ತುಮಾಡಿಬಿಟ್ಟಳು. ಎಲ್ಲರೂ ಅವಳ ಮೇಜಿನ ಸುತ್ತ ನೆರೆದು ನಗುವಾಗ ಸುಗಿಮೊರಿಯವರು ದಾಸ್ತಾನು ಪುಸ್ತಕ ತೆರೆದು ಎಣಿಸಿದ್ದನ್ನೇ ಮತ್ತೆ ಎಣಿಸಿದರು. “ಸುಗಿಮೊರಿಯವ್ರೇ, ಈ ಸಲ ನೀವು ಹಾಯಾಗಿ ಬಂದ್ಬಿಡಿ ಸಾಕು!” ಎಂದು ಯಾರೋ ಕೂಗಿದ್ದು ಅವರನ್ನು ಇನ್ನಷ್ಟು ಉರಿಸಿತು. ಅವಳ ತಪ್ಪೊಂದನ್ನಾದರೂ ಹಿಡಿಯಲೇಬೇಕೆಂದು ಬೆಟ್ಟದ ವಸತಿಗೃಹದ ಒಡತಿಗೆ ಗುಟ್ಟಾಗಿ ಫೋನು ಮಾಡಿದರು. “ನಿಮ್ಗೆ ಕೆಳಗಿನ ಕೋಣೆನೇ ಕೊಡ್ಬೇಕು ಅಂತ ಆ ಹುಡುಗಿ ಮೂರು ಸಲ ಹೇಳಿದ್ಳು. ಮೆಟ್ಲು ಹತ್ತುವಾಗ ಬಲ ಮಂಡಿ ನೋಯುತ್ತಂತಲ್ಲ ನಿಮ್ಗೆ?” ಎಂದರು ಆಕೆ. ಆ ನೋವನ್ನು ಸುಗಿಮೊರಿಯವರು ಹೆಂಡತಿಗೂ ಹೇಳಿರಲಿಲ್ಲ; ಹುಡುಗಿ ನೋಡಿಯೇ ತಿಳಿದುಕೊಂಡಿದ್ದಳು. ಫೋನಿಟ್ಟು ಮಂಡಿಯನ್ನೊಮ್ಮೆ ಒತ್ತಿಕೊಂಡರು. ಸಂತೋಷಪಡಬೇಕಾದ ಕಡೆ ಅವರ ಹೊಟ್ಟೆಕಿಚ್ಚು ಇಮ್ಮಡಿಯಾಗಿತ್ತು. ಹುಡುಗಿಗೆ ಈ ಕೆಲಸ ನಿಜವಾಗಿಯೂ ಬರುತ್ತಿತ್ತು.