ಬೀಗದ ಮೇಲೆ ಬರೆದ ನಿನ್ನ ಹೆಸರು

ಐರಿನ್, ಆ ಬೀಗದ ಮೇಲೆ ನಿನ್ನ ಹೆಸರು ಬರೆದವಳು ನಾನು. ರೋನಿಯ ಜೊತೆ ಆ ಸೇತುವೆಯ ಮೇಲೆ ನಿಂತಿದ್ದವಳೂ ನಾನೇ. ಎಂಟು ವರ್ಷ ಈ ಎರಡು ಮಾತುಗಳನ್ನು ಹೊಟ್ಟೆಯೊಳಗೆ ಇಟ್ಟುಕೊಂಡೇ ಉಂಡಿದ್ದೇನೆ, ಮಲಗಿದ್ದೇನೆ, ಶುಕ್ರವಾರ ಚರ್ಚಿನ ಪೂಜೆಗೆ ಹೋಗಿ ಮೊಣಕಾಲೂರಿದ್ದೇನೆ. ಪಾಪನಿವೇದನೆಗೆ ಹೋದಾಗಲೂ ಪಾದ್ರಿಯ ಹತ್ತಿರ ಬೇರೆ ಸಣ್ಣಪುಟ್ಟದ್ದನ್ನು ಹೇಳಿ ಎದ್ದು ಬಂದಿದ್ದೇನೆ.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಇದನ್ನು ಓದುವ ಉಳಿದವರಿಗೆ ಎಲ್ಲವೂ ಗೊತ್ತಿಲ್ಲ. ಕುವೈತಿನಲ್ಲಿ, ಅಬು ಹಲೀಫಾದ ಆ ಫ್ಲ್ಯಾಟಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ನೀನು ಕ್ಲಿನಿಕ್ಕಿನಲ್ಲಿ ನರ್ಸ್, ನಾನು ನಗರದೊಳಗೆ ಶರ್ಕ್‌ನ ಒಂದು ಆಫೀಸಿನಲ್ಲಿ ಫೈಲು ನೋಡುವವಳು. ರೋನಿ ನನ್ನ ಆಫೀಸಿನವನು, ನಮ್ಮ ಕಡೆಯವನೇ, ಹೆಂಡತಿ ಮಂಗಳೂರಿನಲ್ಲಿ. ಬೆಳಿಗ್ಗೆ ತನ್ನ ಕಾರಿನಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೋಗುತ್ತಿದ್ದ. ನಿನ್ನನ್ನು ದಾರಿಯಲ್ಲಿ ಇಳಿಸಿದ ಮೇಲೆ ಕಾರಿನಲ್ಲಿ ಉಳಿಯುತ್ತಿದ್ದವಳು ನಾನು — ಶುರುವಾದದ್ದು ಅಲ್ಲಿಂದ. ಮದುವೆಯಾದವನು ಎಂದು ಗೊತ್ತಿತ್ತು. ಗೊತ್ತಿದ್ದೂ ಹೋದೆ.

ಆಫೀಸಿನಿಂದ ಸ್ವಲ್ಪ ದೂರ, ದೋಣಿಗಳು ನಿಲ್ಲುವ ಕಡೆ, ಒಂದು ಸಣ್ಣ ಕಾಲುಸೇತುವೆ. ಅದರ ಕಂಬಿಗಳಿಗೆ ಜೋಡಿಗಳು ಬೀಗ ಹಾಕಿ ಕೀಲಿಯನ್ನು ನೀರಿಗೆ ಎಸೆಯುತ್ತಿದ್ದರು. ಬೀಗ ಇರುವಷ್ಟು ಕಾಲ ಪ್ರೀತಿ ಇರುತ್ತದಂತೆ. ಯಾವ ದೇಶದಿಂದ ಬಂದ ಪದ್ಧತಿಯೋ ಏನೋ. ಅರಬಿ, ಇಂಗ್ಲಿಷ್, ಮಲಯಾಳಂ — ಎಲ್ಲ ಲಿಪಿಯ ಹೆಸರುಗಳೂ ಅಲ್ಲಿದ್ದವು. ಒಂದು ಸಂಜೆ ರೋನಿ ಬಕಾಲಾ ಅಂಗಡಿಯಿಂದ ಹಿತ್ತಾಳೆ ಬಣ್ಣದ ಬೀಗವೊಂದನ್ನು ತಂದ. ಆಫೀಸಿನ ಮಾರ್ಕರಿನಿಂದ ತನ್ನ ಹೆಸರನ್ನು ಕನ್ನಡದಲ್ಲಿ ಬರೆದು ನನ್ನ ಕೈಗೆ ಕೊಟ್ಟ.

"ನಿಂದೂ ಬರಿ. ಇಲ್ಲಿ ಕನ್ನಡ ಯಾರಿಗೆ ಓದ್ಲಿಕ್ಕೆ ಬರ್ತದೆ?"

ನಾನು 'ಐರಿನ್' ಎಂದು ಬರೆದೆ. ಯಾಕೆ — ಈ ಪ್ರಶ್ನೆಗೆ ಚೆಂದದ ಉತ್ತರ ಹುಡುಕಿ ಹುಡುಕಿ ಸಾಕಾಗಿದೆ. ಹೆದರಿಕೆ, ಅಷ್ಟೇ. ಯಾರಾದರೂ ಓದಿಬಿಟ್ಟರೆ ಅಲ್ಲಿ ನನ್ನ ಹೆಸರಿರಬಾರದು. ಯಾವುದೋ ಒಂದು ಹೆಸರು ಬೇಕಿತ್ತು, ನಿನ್ನದು ಕೈಗೆ ಸಿಕ್ಕಿತು. ನಿನ್ನ ಶಾಂಪೂ, ನಿನ್ನ ಚಪ್ಪಲಿಗಳನ್ನು ಕೇಳದೆ ಬಳಸುತ್ತಿದ್ದೆನಲ್ಲ, ಹಾಗೆಯೇ. "ಭಾರೀ ಕಿಲಾಡಿ ನೀನು" ಎಂದು ರೋನಿ ನಕ್ಕ. ನಾನೂ ನಕ್ಕೆ. ಆ ನಗುವನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆ.

ಕುವೈತಿನ ಬಿಸಿಲಿಗೆ ಆ ಶಾಯಿ ಬಹಳ ದಿನ ಬಾಳುತ್ತಿರಲಿಲ್ಲ. ಆದರೆ ವಾರ ಕಳೆಯುವುದರೊಳಗೆ ನಮ್ಮವರದೇ ಒಂದು ಕುಟುಂಬ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ತಿರುಗಾಡಲು ಹೋಯಿತು. ನವೆಂಬರ್ ತಿಂಗಳು, ರಾಜ್ಯೋತ್ಸವದ ಹುರುಪು ಬೇರೆ. ಅಷ್ಟೊಂದು ಬೀಗಗಳ ನಡುವೆ ಕನ್ನಡ ಅಕ್ಷರ ಕಂಡು ಅವರಿಗೆ ಎಲ್ಲಿಲ್ಲದ ಖುಷಿ. ಫೋಟೋ ತೆಗೆದು ಕನ್ನಡಿಗರ ವಾಟ್ಸಾಪ್ ಗ್ರೂಪಿಗೆ ಹಾಕಿದರು — 'ಕುವೈತಿನ ಸೇತುವೆಯ ಮೇಲೂ ನಮ್ಮ ಕನ್ನಡ'. ಮೊದಲು ಚಪ್ಪಾಳೆ, ಹೂವು, ಹಳದಿ-ಕೆಂಪು ಬಾವುಟ. ಆಮೇಲೆ ಯಾರೋ ಹೆಸರುಗಳನ್ನು ಓದಿದರು. ಐರಿನ್, ರೋನಿ — ದಿನಾ ಒಂದೇ ಕಾರಿನಲ್ಲಿ ಹೋಗುವವರಲ್ಲವಾ?

ಜನವರಿಯಲ್ಲಿ ನಿನ್ನ ಮದುವೆ. ಸೀರೆ ತೆಗೆದಾಗಿತ್ತು, ರಜೆ ಮಂಜೂರಾಗಿತ್ತು. ಮೂರನೆಯ ದಿನ ಆ ಫೋಟೋ ಊರಿಗೆ, ನೀನು ಮದುವೆಯಾಗಬೇಕಿದ್ದ ಸ್ಟ್ಯಾನಿಯ ಮನೆಗೆ ಮುಟ್ಟಿತು. ಅವನ ತಾಯಿ ಫೋನ್ ಮಾಡಿದರು. ನೀನು ಅಳುತ್ತಾ ಫೋನನ್ನು ನನ್ನ ಕೈಗಿಟ್ಟೆ.

"ಜೆಸ್ಸಿ, ನೀನೇ ಒಂದು ಮಾತು ಹೇಳು ಅವರಿಗೆ. ನಾನು ಡ್ಯೂಟಿ ಬಿಟ್ಟು ಎಲ್ಲಿಗೂ ಹೋಗುದಿಲ್ಲ ಅಂತ ನಿಂಗೆ ಗೊತ್ತುಂಟಲ್ಲ."

ಒಂದು ಮಾತು ಸಾಕಿತ್ತು. ನೀನು ಎದುರಿಗೇ ನಿಂತಿದ್ದೆ. ನಾನು ಹೇಳಿದ್ದು — "ನಂಗೆ ಏನೂ ಗೊತ್ತಿಲ್ಲ ಆಂಟಿ. ಬೇರೆಯವರ ವಿಷಯಕ್ಕೆ ನಾನು ಹೋಗುದಿಲ್ಲ."

ನೇರ ಸುಳ್ಳು ಹೇಳಿದ್ದರೂ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತಿರಲಿಲ್ಲ. ಆ ಕಡೆ ಫೋನ್ ಇಟ್ಟರು. ಮದುವೆ ಮುರಿಯಿತು.

ರೋನಿಗೆ ಏನಾಯಿತು? ಏನೂ ಆಗಲಿಲ್ಲ. ಹೆಂಡತಿ ಅತ್ತಳು, ಕ್ಷಮಿಸಿದಳು. ಅದು ನೀನಲ್ಲ ಎಂದು ಅವನೂ ಬಾಯಿ ಬಿಡಲಿಲ್ಲ. ಈಗ ನಮ್ಮವರ ಕಾರ್ಯಕ್ರಮಗಳಲ್ಲಿ ಮೈಕ್ ಹಿಡಿದು ಸಂಸಾರದ ಬಗ್ಗೆ ಮಾತಾಡುತ್ತಾನೆ, ಜನ ಕೇಳುತ್ತಾರೆ. ನನಗೂ ಮದುವೆಯಾಯಿತು, ಮಗಳಿದ್ದಾಳೆ. ಅವನದೂ ನನ್ನದೂ ಬದುಕು ಚೆನ್ನಾಗಿಯೇ ಸಾಗಿದೆ, ಕೆಟ್ಟದ್ದು ನಿನ್ನದೊಂದೇ.

ನೀನು ಕೆಲಸ ಬಿಟ್ಟು ಊರಿಗೆ ಹೊರಟ ದಿನ ನಾನು ಬೇಕೆಂದೇ ತಡವಾಗಿ ಕೋಣೆಗೆ ಬಂದೆ. ಫ್ರಿಜ್ಜಿನ ಬಾಗಿಲಿಗೆ ನಾವು ಒಬ್ಬರಿಗೊಬ್ಬರು ಚೀಟಿ ಅಂಟಿಸುತ್ತಿದ್ದೆವಲ್ಲ — ಮಾತು ಕೊಂಕಣಿ, ಅಕ್ಷರ ಕನ್ನಡ. ಅವನ್ನೆಲ್ಲ ನೀನು ಕಿತ್ತು ಕಸದ ಬುಟ್ಟಿಗೆ ಹಾಕಿದ್ದೆ. ಒಂದನ್ನು ಮಾತ್ರ ಬಿಟ್ಟಿದ್ದೆ: ಐರಿನ್, ಅನ್ನ ಕುಕ್ಕರಿನಲ್ಲಿದೆ ಎಂದು ನಾನು ಯಾವತ್ತೋ ಬರೆದದ್ದು. ಅದರ ಪಕ್ಕದಲ್ಲಿ ಬೀಗದ ಆ ಫೋಟೋದ ಪ್ರಿಂಟು. 'ಐ' ಅಕ್ಷರದ ತುದಿಯನ್ನು ಉದ್ದಕ್ಕೆ ಎಳೆಯುವ ನನ್ನ ಚಾಳಿ ಎರಡರಲ್ಲೂ ಎದ್ದು ಕಾಣುತ್ತಿತ್ತು.

ನಿನಗೆ ಗೊತ್ತಾಗಿತ್ತು. ಆ ಎರಡನ್ನೂ ನೀನು ಗ್ರೂಪಿಗೆ ಹಾಕಬಹುದಿತ್ತು — ಹಾಕಲಿಲ್ಲ. ನಾನಾಗಿಯೇ ಹೇಳಲಿ ಎಂದು ಬಿಟ್ಟೆಯಾ, ಇಲ್ಲ ನನ್ನ ಸುದ್ದಿಯೇ ಬೇಡವೆನಿಸಿತಾ... ಕೇಳುವ ಹಕ್ಕು ನನಗಿಲ್ಲ. ಆ ಎರಡು ಕಾಗದಗಳನ್ನು ನಾನು ಅವತ್ತೇ ಸ್ಟೋವಿನ ಮೇಲೆ ಸುಟ್ಟೆ.

ಕಳೆದ ವಾರ ಒಂದು ಹುಟ್ಟುಹಬ್ಬದ ಊಟದಲ್ಲಿ ಯಾರೋ ನಿನ್ನ ಸುದ್ದಿ ತೆಗೆದರು. "ಆ ಬೀಗದ ಐರಿನ್ ಉಂಟಲ್ಲ, ಅವಳಿಗೆ ಇನ್ನೂ ಮದುವೆ ಆಗ್ಲಿಲ್ಲಂತೆ." ಎಂಟು ವರ್ಷದ ಮೇಲೂ ನಿನಗೆ ಅದೇ ಹೆಸರು. ಪಕ್ಕದಲ್ಲಿದ್ದ ಮಗಳು ನನ್ನ ಮುಖ ನೋಡಿ "ಹೂ ಈಸ್ ದಟ್, ಮಮ್ಮಾ?" ಎಂದಳು. ನಾನು ಗೊತ್ತಿಲ್ಲ ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು, ಐರಿನ್.

ಇವತ್ತು ಬೆಳಿಗ್ಗೆ ಗಂಡನಿಗೆ ಎಲ್ಲ ಹೇಳಿದೆ. ಅವರು ತಿಂಡಿ ಬಿಟ್ಟು ಎದ್ದು ಹೊರಗೆ ಹೋದರು. ಕ್ಷಮಿಸು ಎಂದು ನಿನ್ನನ್ನು ಕೇಳುತ್ತಿಲ್ಲ. ಫೋಟೋ ಬಿದ್ದ ಅದೇ ಗ್ರೂಪಿಗೆ ಇದನ್ನು ಈಗ ಹಾಕುತ್ತೇನೆ, ಕನ್ನಡದಲ್ಲೇ. ಓದಲು ಬರುವವರು ಇಲ್ಲಿ ತುಂಬ ಜನ ಇದ್ದಾರೆ.

ಆ ಬೀಗದ ಮೇಲೆ ಬರೆಯಬೇಕಿದ್ದ ಹೆಸರು ಜೆಸಿಂತಾ.