ಕುಂಡದ ಅಂಚಿನ ಕೆಂಪು ಕಲೆ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಕಿಟಕಿ ಗ್ರಿಲ್‌ನಲ್ಲಿ ದಾಳಿಂಬೆ ಬೆಳೆಸಿದ ಕಥೆ ಹೇಸಿಗೆಯಿಂದಲೇ ಶುರು. ಮೇಲಿನ ಮಹಡಿಯ ವಿಜಯಪುರದ ಅಕ್ಕ ತಮ್ಮ ಕುಂಡದ ಗಿಡ್ಡ ದಾಳಿಂಬೆಯಿಂದ ನಿಂಬೆ ಗಾತ್ರದ ಹಣ್ಣೊಂದನ್ನು ಕೊಟ್ಟಿದ್ದರು. ನಾನು ಕಾಳುಗಳನ್ನು ರಸದ ಸಮೇತ ಐಸ್‌ಕ್ರೀಮ್ ಡಬ್ಬಿಯ ಮಣ್ಣಿಗೆ ಹಾಕಿದೆ. ವಾರದಲ್ಲಿ ಬೂಷ್ಟು, ನೊಣ, ಬಿಳಿ ಹುಳ. ಮೂಗು ಮುಚ್ಚಿಕೊಂಡು ಎಸೆದೆ.

ಅಕ್ಕ ನಕ್ಕು ಇನ್ನೊಂದು ಹಣ್ಣು ಕೊಟ್ಟರು. "ತಿರುಳು ತಿಕ್ಕಿ ತೊಳಿಬೇಕವ್ವ, ನೆರಳಾಗ ಒಣಗಿಸಿ ಊರಬೇಕು. ಮೊದಲ ಹೂ ಬಿಟ್ಟಾಗ ನನಗ ತೋರಸು."

ನಾಲ್ಕು ಸಸಿ ಎದ್ದವು, ಒಂದು ಉಳಿಯಿತು. ಮರುವರ್ಷ ಅದರ ಎಲೆಗಳ ಮೇಲೆ ಕೆಂಪು ಉಗುಳು ಕಾಣಿಸತೊಡಗಿತು. ಅಂಟಂಟು, ನಡುವೆ ಅಡಿಕೆಯ ಚೂರು. ಬೆಳಿಗ್ಗೆ ಎದ್ದು ಒಂದೊಂದೇ ಎಲೆ ತೊಳೆಯುತ್ತಿದ್ದೆ. ಸ್ಟೇಷನ್ನಿನ ಮೆಟ್ಟಿಲು, ಲಿಫ್ಟಿನ ಮೂಲೆ, ಎಲ್ಲೆಲ್ಲೂ ಇದೇ ಹೊಲಸು. ನನ್ನ ಕುಂಡವನ್ನಾದರೂ ಬಿಡಬಾರದೇ? ಹೋಟೆಲ್ ಕೆಲಸ ಬಿಟ್ಟು ನನ್ನ ಜೊತೆಗಿದ್ದ ಅಪ್ಪನೂ ಎಲೆಯಡಿಕೆಯವರೇ. ಆದರೆ ಅವರು ಮರ್ಯಾದಸ್ಥರು, ಬಚ್ಚಲಲ್ಲಿ ಉಗುಳುತ್ತಾರೆ ಎಂದುಕೊಂಡಿದ್ದೆ. ಇದು ಮೇಲಿನ ಕಿಟಕಿಯಿಂದಲೇ ಬೀಳುತ್ತಿದೆ ಎಂದು ಸೀದಾ ಮೇಲೆ ಹೋಗಿ, ಆ ಮಹಡಿಯ ನಾಲ್ಕೂ ಮನೆಯವರು ಬಾಗಿಲು ತೆರೆದು ನೋಡುವಂತೆ ಅಕ್ಕನ ಮೇಲೆ ಕೂಗಾಡಿದೆ.

"ನಮ್ಮನ್ಯಾಗ ಯಾರೂ ಎಲಿ ಅಡಿಕಿ ಮುಟ್ಟಂಗಿಲ್ಲ. ಒಳಗ ಬಂದು ನೋಡು."

ನಾನು ಒಳಗೆ ಹೋಗಲಿಲ್ಲ. ಆಮೇಲೆ ಲಿಫ್ಟಿನಲ್ಲಿ ಸಿಕ್ಕರೆ ಅಕ್ಕ ಗೋಡೆ ನೋಡುತ್ತಿದ್ದರು.

ಹೊಟ್ಟೆ ಕೆಟ್ಟರೆ ನಮ್ಮ ಉಡುಪಿ ಕಡೆ ದಾಳಿಂಬೆ ಚಿಗುರಿನ ತಂಬುಳಿ ಮಾಡುತ್ತೇವೆ. ಒಂದು ದಿನ ಅಪ್ಪನಿಗೆಂದು ನಾಲ್ಕು ಚಿಗುರು ಚಿವುಟಿ, ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿಯ ಜೊತೆ ಅರೆದು ಮಜ್ಜಿಗೆ ಬೆರೆಸಿದೆ. ಇಬ್ಬರೂ ಉಂಡೆವು. ಊಟ ಮುಗಿಸಿದ ಅಪ್ಪ ಎಲೆಯಡಿಕೆ ಜಗಿಯುತ್ತಾ ಗ್ರಿಲ್ ಹತ್ತಿರ ಹೋದರು. ಕುಂಡಕ್ಕೆ ಬಗ್ಗಿ ಪಿಚಕ್ಕನೆ ಉಗುಳಿದರು.

"ಅಪ್ಪಾ!"

"ಎಂತ ಮಗಾ? ಹುಳ ಆಗ್ತದೆ ಅಂತ ನೀನೇ ಹೇಳಿದ್ದಲ್ವಾ? ಇದ್ರಲ್ಲಿ ಸುಣ್ಣ ಉಂಟು, ಹುಳ ಬರುದಿಲ್ಲ. ದಿನಾ ಹಾಕ್ತೇನೆ."

ತಂಬುಳಿ ಗಂಟಲಿಗೆ ಬಂತು. ಬಾತ್‌ರೂಮಿಗೆ ಓಡಿದೆ. ವಾಂತಿ ಮಾಡುವಾಗ ಅಪ್ಪನ ಮೇಲೆ ಅಸಹ್ಯವಾಯಿತು. ಮುಖ ತೊಳೆಯುವ ಹೊತ್ತಿಗೆ ಅದಕ್ಕಿಂತ ಹೆಚ್ಚು ನನ್ನ ಮೇಲೇ ಆಯಿತು. ಆದರೂ ಮೇಲೆ ಹೋಗಿ ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಹೂವಿನ ನೆಪಕ್ಕೆ ಕಾದೆ.

ಎರಡು ತಿಂಗಳಿಗೆ ಒಂದು ಹೂ ಬಿಟ್ಟಿತು. ಕುಂಡವನ್ನು ಬ್ರಷ್ ಹಾಕಿ ತಿಕ್ಕಿ ಮೇಲೆ ಒಯ್ದೆ. ಅಕ್ಕ ಹೂವನ್ನು ನೋಡಲಿಲ್ಲ. ಕುಂಡದ ಅಂಚಿನಲ್ಲಿ ಹೋಗದೆ ಉಳಿದಿದ್ದ ಕಲೆ ನೋಡಿದರು.

"ಇದು ಯಾರದು?"

"ನಮ್ಮಪ್ಪನದು," ಎಂದೆ, ಮೆಲ್ಲಗೆ.

ಅಕ್ಕ ಪಕ್ಕದ ಮುಚ್ಚಿದ ಬಾಗಿಲುಗಳ ಕಡೆ ನೋಡಿದರು.

"ಇನ್ನೊಮ್ಮೆ ಅನ್ನು. ಅವತ್ತ ಅಂದಷ್ಟ ಜೋರಾಗಿ ಅನ್ನು."